ಸೀರಿಯಲ್ ಸೆಟ್ ಬಿಟ್ಟು ಆ್ಯಡ್ ಫಿಲ್ಮ್‌ಗೆ ಹೋಗಬೇಕು ಅಂತಿದ್ದೀನಿ. ಸರಿನಾ?

ಹಾಸನದ_ಹುಡುಗ

ನಮಸ್ಕಾರ ಎಲ್ಲರಿಗೂ. ಪತ್ರಿಕೋದ್ಯಮದಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದವನು ನಾನು. ಈಗ ಒಂದು ಡೈಲಿ ಸೀರಿಯಲ್‌ನಲ್ಲಿ ಅಸಿಸ್ಟೆಂಟ್ ಡೈರೆಕ್ಟರ್. ರಾಜರಾಜೇಶ್ವರಿ ನಗರದ ಶೂಟಿಂಗ್ ಮನೆಯೇ ನನ್ನ ಮನೆ ಆಗಿಹೋಗಿದೆ. ಹೆಸರಿಗೆ ಡೈರೆಕ್ಷನ್ ಡಿಪಾರ್ಟ್‌ಮೆಂಟ್. ಕೆಲಸ ಅಂದ್ರೆ ಪ್ರಾಂಪ್ಟಿಂಗ್, ಕಂಟಿನ್ಯೂಟಿ ಬರೆಯುವುದು, ಆರ್ಟಿಸ್ಟ್‌ಗಳನ್ನು ಮೇಕಪ್ ರೂಮಿನಿಂದ ಕರೆದುಕೊಂಡು ಬರುವುದು. ಅತ್ತೆ ಪಾತ್ರದವರು ನಿನ್ನೆ ಯಾವ ಬಳೆ ಹಾಕಿದ್ದರು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಚಿಕ್ಕಂದಿನಿಂದ ನನಗೆ ಜಾಹೀರಾತಿನ ಹುಚ್ಚು. ಬ್ರೇಕ್ ಬಂದಾಗ ಮನೆಯವರೆಲ್ಲ ಎದ್ದು ಹೋದರೂ ನಾನು ಟಿವಿ ಮುಂದೆಯೇ ಇರುತ್ತಿದ್ದೆ. ಈಗ ಇಂದಿರಾನಗರದ ಒಂದು ಆ್ಯಡ್ ಪ್ರೊಡಕ್ಷನ್ ಹೌಸ್‌ನಿಂದ ಕರೆ ಬಂದಿದೆ. ತಿಂಗಳ ಸಂಬಳ ಇಲ್ಲ, ಪ್ರಾಜೆಕ್ಟ್ ಲೆಕ್ಕ. ಅಪ್ಪ "ಇರೋ ಕೆಲಸ ಬಿಡಬೇಡ" ಅನ್ನುತ್ತಾರೆ. ನಮ್ಮ ಡೈರೆಕ್ಟರ್ ಸರ್ "ಆ್ಯಡ್‌ನಲ್ಲಿ ಏನಿದೆ, ಸೋಪು ಮಾರ್ತೀಯಾ?" ಅಂತ ನಕ್ಕರು.

ಹೋಗಲಾ? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಥರ ಎಲ್ಲಾದರೂ ಓದಲೇಬೇಕಾ? ಮುಂಬೈಗೆ ಹೋಗದೆ ಇದರಲ್ಲಿ ಬೆಳೆಯಲು ಆಗುತ್ತಾ? ತಿಳಿದವರು ಸ್ವಲ್ಪ ಹೇಳಿ.

ಎಡಿಟ್_ಟೇಬಲ್

ಹೋಗು, ಬೇಡ ಅನ್ನುವ ಮುಂಚೆ ಒಂದು ವಿಷಯ. ಆ್ಯಡ್ ಫಿಲ್ಮ್‌ನಲ್ಲಿ ಐಡಿಯಾ ಡೈರೆಕ್ಟರ್‌ದಲ್ಲ. ಬ್ರ್ಯಾಂಡ್‌ನವರು ಜಾಹೀರಾತು ಏಜೆನ್ಸಿಗೆ ಬ್ರೀಫ್, ಅಂದ್ರೆ ಏನು ಬೇಕು ಅನ್ನುವ ವಿವರ, ಕೊಡುತ್ತಾರೆ. ಏಜೆನ್ಸಿಯ ಕಾಪಿರೈಟರ್ (ಜಾಹೀರಾತಿನ ಮಾತು ಬರೆಯುವವರು), ಆರ್ಟ್ ಡೈರೆಕ್ಟರ್ ಸೇರಿ ಸ್ಕ್ರಿಪ್ಟ್ ಮಾಡುತ್ತಾರೆ. ಅದು ಕ್ಲೈಂಟ್ ಹತ್ತಿರ ಪಾಸಾದ ಮೇಲೆ ಎರಡು ಮೂರು ಪ್ರೊಡಕ್ಷನ್ ಹೌಸ್‌ಗಳಿಗೆ ಹೋಗುತ್ತದೆ. ಡೈರೆಕ್ಟರ್‌ಗಳು ಅದನ್ನು ಹೇಗೆ ತೆಗೆಯುತ್ತೇವೆ ಅನ್ನುವ ಟ್ರೀಟ್‌ಮೆಂಟ್ ನೋಟ್ ಬರೆಯುತ್ತಾರೆ, ಪ್ರೊಡ್ಯೂಸರ್‌ಗಳು ಬಜೆಟ್ ಕೊಡುತ್ತಾರೆ, ಯಾರೋ ಒಬ್ಬರಿಗೆ ಕೆಲಸ ಸಿಗುತ್ತದೆ. ಉಳಿದವರು ರಾತ್ರಿ ನಿದ್ದೆಗೆಟ್ಟು ಬರೆದ ನೋಟ್ ಕಸದ ಬುಟ್ಟಿಗೆ.

ಆಮೇಲೆ ಪಿಪಿಎಂ. ಶೂಟಿಂಗ್‌ಗೆ ಮುಂಚಿನ ದೊಡ್ಡ ಮೀಟಿಂಗ್. ಲೊಕೇಶನ್, ಕಾಸ್ಟಿಂಗ್, ಬಟ್ಟೆ, ಸೆಟ್‌ನಲ್ಲಿ ಇಡುವ ಸಾಮಾನು ಎಲ್ಲದಕ್ಕೂ ಅಲ್ಲೇ ಒಪ್ಪಿಗೆ. ನಾನು ಕೂತಿದ್ದ ಒಂದು ಪಿಪಿಎಂನಲ್ಲಿ ಅಡುಗೆಮನೆ ಟೈಲ್ಸ್ ಬಣ್ಣದ ಮೇಲೆ ಊಟದ ಹೊತ್ತಿನವರೆಗೂ ಮಾತು ನಡೆಯಿತು. ಎದುರಾಳಿ ಬ್ರ್ಯಾಂಡ್‌ನ ಪ್ಯಾಕೆಟ್ ನೀಲಿ. ಹಾಗಾಗಿ ಫ್ರೇಮ್‌ನಲ್ಲಿ ಎಲ್ಲೂ ನೀಲಿ ಬರಬಾರದು. ಕೊನೆಗೆ ಆಕಾಶ ಕಾಣುತ್ತದೆ ಅಂತ ಕಿಟಕಿಗೂ ಕರ್ಟನ್ ಹಾಕಿಸಿದರು! ಇದನ್ನು ಕೇಳಿ ನಗು ಬಂದರೆ ಸರಿ, ಸಿಟ್ಟು ಬಂದರೆ ಈ ಕೆಲಸ ನಿಮಗೆ ಕಷ್ಟ.

ಸೀರಿಯಲ್‌ನಲ್ಲಿ ನೀವು ದಿನಕ್ಕೆ ಒಂದು ಎಪಿಸೋಡ್, ಅಂದ್ರೆ 22 ನಿಮಿಷದಷ್ಟು ಫುಟೇಜ್ ತೆಗೆಯುತ್ತೀರಿ. ಆ್ಯಡ್‌ನಲ್ಲಿ 30 ಸೆಕೆಂಡಿಗೆ ಒಂದು ದಿನ, ಕೆಲವೊಮ್ಮೆ ಎರಡು ದಿನ. ಟಿವಿ ಲೆಕ್ಕದಲ್ಲಿ ಸೆಕೆಂಡಿಗೆ 25 ಫ್ರೇಮ್. ಅಂದ್ರೆ ಇಡೀ ಸಿನಿಮಾ 750 ಫ್ರೇಮ್ ಅಷ್ಟೇ. ಎಡಿಟ್‌ನಲ್ಲಿ ನಾಲ್ಕು ಫ್ರೇಮ್ ಹೆಚ್ಚೋ ಕಡಿಮೆಯೋ ಅಂತ ಜಗಳ ಆಡುತ್ತೇವೆ. ಸೀರಿಯಲ್ ಎಡಿಟ್‌ನಲ್ಲಿ ನಾಲ್ಕು ಸೆಕೆಂಡ್ ಬಗ್ಗೆಯೂ ಯಾರೂ ಮಾತಾಡಲ್ಲ, ಎಪಿಸೋಡ್ ಡ್ಯೂರೇಶನ್ ತುಂಬಿದರೆ ಸಾಕು.

ಕಾಪಿ_ಅಕ್ಕ

ಮೇಲಿನವರು ಹೇಳಿದ್ದು ಸರಿ. ಆದರೆ "ಐಡಿಯಾ ಡೈರೆಕ್ಟರ್‌ದಲ್ಲ" ಅನ್ನುವುದಕ್ಕೆ ಒಂದು ಬಾಲಂಗೋಚಿ. ಐಡಿಯಾ ನಿಮ್ಮದೇ ಆಗಬೇಕು ಅಂದ್ರೆ ಏಜೆನ್ಸಿ ಕಡೆಯಿಂದ ಒಳಗೆ ಬನ್ನಿ. ಬರೆಯುವ ಕೈ ಇದ್ದರೆ ಇದು ಒಳ್ಳೆ ದಾರಿ. ಶ್ಯಾಮ್ ಬೆನೆಗಲ್ 1959ರಲ್ಲಿ ಮುಂಬೈನ ಲಿಂಟಾಸ್ ಏಜೆನ್ಸಿಗೆ ಸೇರಿದ್ದು ಕಾಪಿರೈಟರ್ ಆಗಿ. ನೂರಾರು ಆ್ಯಡ್ ಫಿಲ್ಮ್, ಡಾಕ್ಯುಮೆಂಟರಿ ಮಾಡಿದ ಮೇಲೆ 1974ರಲ್ಲಿ ಮೊದಲ ಕಥಾಚಿತ್ರ. ಅದಕ್ಕೆ ದುಡ್ಡು ಹಾಕಿದ್ದೂ ಬ್ಲೇಜ್ ಅನ್ನುವ ಜಾಹೀರಾತು ಕಂಪನಿ. ಆರ್. ಬಾಲ್ಕಿ ಕೂಡ ಏಜೆನ್ಸಿಯಿಂದಲೇ ಸಿನಿಮಾಕ್ಕೆ ಹೋದವರು. ಎ.ಆರ್. ರೆಹಮಾನ್ 1992ಕ್ಕೆ ಮುಂಚೆ ಜಿಂಗಲ್ ಮಾಡಿಕೊಂಡಿದ್ದರು. ಸೋಪು ಮಾರುತ್ತಲೇ ಇವರೆಲ್ಲ ಕಲಿತರು. ನಿಮ್ಮ ಡೈರೆಕ್ಟರ್ ಸರ್‌ಗೆ ಹೇಳಿ :)

ಮುಂಬೈ ವಿಷಯ. ದೊಡ್ಡ ಬ್ರ್ಯಾಂಡ್‌ಗಳು, ದೊಡ್ಡ ಸ್ಟಾರ್‌ಗಳು ಅಲ್ಲೇ ಜಾಸ್ತಿ, ನಿಜ. ಆದರೆ ಬೆಂಗಳೂರು ಕಡಿಮೆಯೇನಲ್ಲ. ಹಚ್ ಮೊಬೈಲ್ ಕಂಪನಿಯ ಆ ಪಗ್ ನಾಯಿ ನೆನಪಿದೆಯಾ, ಹುಡುಗನ ಹಿಂದೆ ಹಿಂದೆಯೇ ಹೋಗುತ್ತಿತ್ತಲ್ಲ? 2003ರದ್ದು. ಅದನ್ನು ಮಾಡಿದ ಪ್ರಕಾಶ್ ವರ್ಮ ಅವರ ನಿರ್ವಾಣ ಫಿಲ್ಮ್ಸ್ ನಮ್ಮ ಬೆಂಗಳೂರಿನದು. 2009ರ ಐಪಿಎಲ್‌ನಲ್ಲಿ ಬಂದ ವೊಡಾಫೋನ್ ಜೂಜೂಗಳು ಕೂಡ ಅವರದೇ. ಎಲ್ಲರೂ ಅನಿಮೇಶನ್ ಅಂದುಕೊಂಡರು. ಬಿಳಿ ಸೂಟ್ ಒಳಗೆ ಇದ್ದವರು ಮನುಷ್ಯರು. ಶೂಟ್ ಆಗಿದ್ದು ಕೇಪ್‌ಟೌನ್‌ನಲ್ಲಿ.

ಕನ್ನಡದ ಕೆಲಸ ಬೇರೆ ಥರ. ಜ್ಯುವೆಲರಿ, ರೇಷ್ಮೆ ಸೀರೆ, ಮಸಾಲೆ ಪುಡಿ, ಎಣ್ಣೆ, ಸೈಟು, ಆಸ್ಪತ್ರೆ, ಕಾಲೇಜು. ಬಜೆಟ್ ಚಿಕ್ಕದು, ನಿರ್ಧಾರ ಮಾತ್ರ ಬೇಗ. ಎದುರಿಗೆ ಮಾಲೀಕರೇ ಇರುತ್ತಾರೆ, ಮಧ್ಯೆ ನಾಲ್ಕು ಮ್ಯಾನೇಜರ್‌ಗಳಿಲ್ಲ. ನನ್ನ ಮಟ್ಟಿಗೆ ಹೊಸಬರಿಗೆ ಇದೇ ಒಳ್ಳೆಯದು. ದೊಡ್ಡ ಸೆಟ್‌ನಲ್ಲಿ ಹತ್ತನೇ ಅಸಿಸ್ಟೆಂಟ್ ಆಗುವುದಕ್ಕಿಂತ ಚಿಕ್ಕ ಆ್ಯಡ್‌ನಲ್ಲಿ ಎರಡನೆಯವನಾಗುವುದು ಲೇಸು.

ಹಳೇ_ಕ್ಯಾಮೆರಾ

ತಮ್ಮಾ, ಓದಿನ ಬಗ್ಗೆ ಕೇಳಿದ್ದೀಯಲ್ಲ, ನಾನು ಹೇಳುತ್ತೇನೆ.

ಡೈರೆಕ್ಷನ್‌ಗೆ ಸರ್ಟಿಫಿಕೇಟ್ ಯಾರೂ ಕೇಳಲ್ಲ. ರೀಲ್, ಅಂದ್ರೆ ನೀನು ಮಾಡಿದ ಕೆಲಸದ ತುಣುಕುಗಳನ್ನು ಕೇಳುತ್ತಾರೆ. ಕ್ಯಾಮೆರಾ, ಸೌಂಡ್ ಆದರೆ ಓದಿದ್ದು ಸುಮ್ನೆ ಹೋಗಲ್ಲ. ಪುಣೆ ಬಿಟ್ಟರೆ ಕೋಲ್ಕತ್ತದಲ್ಲಿ ಸತ್ಯಜಿತ್ ರೇ ಇನ್‌ಸ್ಟಿಟ್ಯೂಟ್ ಇದೆ. ಪುಣೆಯಲ್ಲಿ ಮೂರು ವರ್ಷದ ಸಿನಿಮಾ ಕೋರ್ಸ್ ಜೊತೆಗೆ ಒಂದು ವರ್ಷದ ಟಿವಿ ಕೋರ್ಸ್‌ಗಳೂ ಇವೆ. ಇದು ನಮ್ಮ ಹುಡುಗರಿಗೆ ಗೊತ್ತೇ ಇರಲ್ಲ. ಡಿಗ್ರಿ ಆಗಿದ್ದರೆ ಪರೀಕ್ಷೆ ಬರೆಯಬಹುದು.

ನಮ್ಮ ಮನೆ ಬಾಗಿಲಲ್ಲೇ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟಿವಿ ಇನ್‌ಸ್ಟಿಟ್ಯೂಟ್ ಇದೆ. ಅದರ ಬೇರು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ 1943ರಲ್ಲಿ ಶುರುವಾದ ಸಿನಿಮಾಟೋಗ್ರಫಿ ಕೋರ್ಸ್. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಮುಂಚೆ! ಮೈಸೂರಿನ ವಿ.ಕೆ. ಮೂರ್ತಿ ಅದರ ಮೊದಲ ತಂಡದವರು. ಗುರುದತ್ ಅವರ ಕ್ಯಾಮೆರಾಮನ್, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಗೋವಿಂದ ನಿಹಲಾನಿ ಅಲ್ಲೇ ಓದಿ 1962ರಲ್ಲಿ ಹೊರಬಂದರು. ಮೂರ್ತಿಯವರ ಹತ್ತಿರ ಅಸಿಸ್ಟೆಂಟ್ ಆದರು. ಆಮೇಲೆ ಬೆನೆಗಲ್ ಜೊತೆ ಜಾಹೀರಾತು, ಡಾಕ್ಯುಮೆಂಟರಿ ಶೂಟ್ ಮಾಡುತ್ತಾ ಮಾಡುತ್ತಾ ಅವರ ಮೊದಲ ಸಿನಿಮಾಕ್ಕೂ ಕ್ಯಾಮೆರಾ ಹಿಡಿದರು. ಅಂದ್ರೆ ಬೆಂಗಳೂರಿನ ಒಂದು ಪಾಲಿಟೆಕ್ನಿಕ್, ಮುಂಬೈನ ಒಂದು ಆ್ಯಡ್ ಏಜೆನ್ಸಿ. ಹಿಂದಿಯ ಹೊಸ ಅಲೆಯ ಒಂದು ಕವಲು ಇಲ್ಲಿಂದ ಹೊರಟಿದ್ದು. ನಮ್ಮವರಿಗೇ ಇದು ಮರೆತುಹೋಗಿದೆ, ಬೇಜಾರು.

ಇನ್ನೊಂದು ಮಾತು. ಈಗಿನ ಹುಡುಗರು ಬಂದ ತಕ್ಷಣ ಯಾವ ಕ್ಯಾಮೆರಾ, ಯಾವ ಲೆನ್ಸ್ ಅಂತ ಕೇಳುತ್ತಾರೆ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಯಾರೂ ಕೇಳಲ್ಲ. ನಿನ್ನ ಸೀರಿಯಲ್ ಸೆಟ್‌ನಲ್ಲಿ ಎಲ್ಲ ಕಡೆಯಿಂದ ಸಮನಾಗಿ ಬೆಳಕು ಚೆಲ್ಲಿರುತ್ತಾರೆ, ಅಲ್ವಾ? ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡಬೇಕು, ಪ್ರತಿ ಶಾಟ್‌ಗೆ ಲೈಟ್ ಬದಲಿಸಲು ಟೈಮಿಲ್ಲ, ಅದಕ್ಕೆ. ಅವರದು ತಪ್ಪಲ್ಲ. ಆದರೆ ಅದನ್ನೇ ನೋಡಿ ನೋಡಿ ನಿನ್ನ ಕಣ್ಣು ಹಾಗೇ ಆಗಿಬಿಡುತ್ತದೆ. ಆ್ಯಡ್ ಸೆಟ್‌ಗೆ ಹೋದರೆ ಮೊದಲು ಗ್ಯಾಫರ್, ಅಂದ್ರೆ ಲೈಟಿಂಗ್ ನೋಡಿಕೊಳ್ಳುವವರ ಪಕ್ಕ ನಿಂತುಕೋ. ಡೈರೆಕ್ಟರ್ ಪಕ್ಕ ಆಮೇಲೆ ನಿಲ್ಲಬಹುದು.

ಸಂಭಾಷಣೆಕಾರ

ಎಲ್ಲರೂ ಸೇರಿ ಸೀರಿಯಲ್ ಅಂದ್ರೆ ಏನೋ ಕೀಳು ಅನ್ನೋ ಥರ ಮಾತಾಡುತ್ತಿದ್ದೀರಿ. ನಾನು ಅದರಲ್ಲೇ ಅನ್ನ ತಿನ್ನುವವನು, ಹಾಗಾಗಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ.

ಶಂಕರ್‌ನಾಗ್ ಆಗುಂಬೆಯಲ್ಲಿ ಕೂತು ದೂರದರ್ಶನಕ್ಕೆ ಮಾಡಿದ್ದು ಟಿವಿ ಧಾರಾವಾಹಿಯೇ. ಟಿ.ಎನ್. ಸೀತಾರಾಂ ಅವರ ಕೋರ್ಟ್ ಸೀನ್ ನೋಡಲು ಊರಿಗೆ ಊರೇ ಮನೆಯಲ್ಲಿ ಕೂರುತ್ತಿತ್ತು. ಟಿವಿ ಕೆಟ್ಟದ್ದಲ್ಲ, ವೇಗ ಜಾಸ್ತಿ. ಗುರುವಾರ ರೇಟಿಂಗ್ ಬರುತ್ತದೆ. ನಮ್ಮ ಸ್ಲಾಟ್ ಬಿದ್ದಿದ್ದರೆ ಮಧ್ಯಾಹ್ನದೊಳಗೆ ಚಾನೆಲ್‌ನಿಂದ ಫೋನ್. "ಈ ಟ್ರ್ಯಾಕ್ ಮುಗಿಸಿ, ತಂಗಿ ಮದುವೆ ಬೇಗ ತನ್ನಿ." ಸಂಜೆಗೆ ಹೊಸ ಒನ್‌ಲೈನ್ (ಕಥೆಯ ಎಳೆ), ರಾತ್ರಿ ಡೈಲಾಗ್, ಬೆಳಗ್ಗೆ ಸೆಟ್‌ನಲ್ಲಿ ಆರ್ಟಿಸ್ಟ್ ಕೈಗೆ ಪೇಪರ್. ಮೊದಲೇ ಶೂಟ್ ಮಾಡಿಟ್ಟ ಬ್ಯಾಂಕ್ ಎಪಿಸೋಡ್ ಇಲ್ಲದಿದ್ದರೆ ಇವತ್ತು ಬರೆದಿದ್ದು ನಾಳೆ ಟೆಲಿಕಾಸ್ಟ್. ಈ ಒತ್ತಡದಲ್ಲಿ ಬರೆದವನಿಗೆ ಪ್ರಪಂಚದಲ್ಲಿ ಯಾವ ಡೆಡ್‌ಲೈನೂ ಹೆದರಿಸಲ್ಲ.

ಈಗ ಹಾಸನದ ಹುಡುಗನಿಗೆ ಕೆಲಸಕ್ಕೆ ಬರುವ ಮಾತು. ನೀವು ಸೀರಿಯಲ್‌ನಿಂದ ಆ್ಯಡ್‌ಗೆ ಒಂದೇ ಸಲ ಹಾರುವ ಯೋಚನೆಯಲ್ಲಿದ್ದೀರಿ. ಮಧ್ಯೆ ಸೇತುವೆ ಇದೆ. ಅದು ಪ್ರೋಮೊ.

ಪ್ರತಿ ಚಾನೆಲ್‌ನಲ್ಲೂ ಪ್ರೋಮೊ ಡಿಪಾರ್ಟ್‌ಮೆಂಟ್ ಇದೆ. ವಾರವಿಡೀ ನಡೆಯುವ ಕಥೆಯನ್ನು 30 ಸೆಕೆಂಡಿಗೆ ಇಳಿಸುವವರು ಅವರು. ಹೊಸ ಸೀರಿಯಲ್ ಲಾಂಚ್ ಆಗುವಾಗ ಬೇರೆಯೇ ಶೂಟ್ ಮಾಡುತ್ತಾರೆ. ಅದರ ಬಜೆಟ್ ಬೇರೆ, ಕೆಲವು ಸಲ ಕ್ಯಾಮೆರಾಮನ್ ಬೇರೆ, ಲೈಟಿಂಗ್ ಅಂತೂ ಬೇರೆಯೇ. ನೋಡಿದರೆ ಪೂರಾ ಆ್ಯಡ್ ಫಿಲ್ಮ್. ಮಾರುವ ವಸ್ತು ಮಾತ್ರ ನಮ್ಮ ಕಥೆ. ಪ್ರೋಮೊ ಪ್ರೊಡ್ಯೂಸರ್ ಆಗಿ ನಾಲ್ಕು ಒಳ್ಳೆ ಲಾಂಚ್ ಮಾಡಿದವರ ರೀಲ್ ಅನ್ನು ಆ್ಯಡ್‌ನವರು ನೋಡುತ್ತಾರೆ. ಸೀರಿಯಲ್‌ನ 300 ಎಪಿಸೋಡ್ ಮಾಡಿದ್ದೇನೆ ಅಂದರೆ ಒಂದನ್ನೂ ನೋಡಲ್ಲ. ಅದೇ ಸತ್ಯ. ಅಲ್ಲಿ ತಿಂಗಳ ಸಂಬಳವೂ ಇದೆ, ನಿಮ್ಮ ಅಪ್ಪನಿಗೂ ಸಮಾಧಾನ.

ಎಡಿಟ್_ಟೇಬಲ್

ಸಂಭಾಷಣೆಕಾರರ ಮಾತಿಗೆ ನನ್ನ ಫುಲ್ ವೋಟು. ನಾನು ಪ್ರೋಮೊ ಕಟ್ ಮಾಡುತ್ತಲೇ ಆ್ಯಡ್‌ಗೆ ಬಂದವನು. ಎಡಿಟ್ ಕಲಿಯಿರಿ ಹಾಸನದವರೇ. ಪೂರ್ತಿ ಎಡಿಟರ್ ಆಗಬೇಕಿಲ್ಲ. ನಿಮ್ಮದೇ ಸೀರಿಯಲ್‌ನ ಒಂದು ವಾರದ ಎಪಿಸೋಡ್ ತಗೊಂಡು 30 ಸೆಕೆಂಡ್ ಮಾಡಿ ನೋಡಿ. ಮತ್ತೆ ಅದನ್ನೇ 20, ಮತ್ತೆ 10. ಟಿವಿಯಲ್ಲಿ ಸಮಯ ಕೊಳ್ಳುವುದು ಸೆಕೆಂಡ್ ಲೆಕ್ಕದಲ್ಲಿ, ಹಾಗಾಗಿ ಪ್ರತಿ ಆ್ಯಡ್‌ಗೂ ಇಂಥ ಕಟ್‌ಡೌನ್ ಬೇಕೇ ಬೇಕು. ಹತ್ತು ಸೆಕೆಂಡಿಗೆ ಬಂದಾಗ ಗೊತ್ತಾಗುತ್ತದೆ, ಕಥೆಯಲ್ಲಿ ನಿಜವಾಗಿ ಬೇಕಿದ್ದಿದ್ದು ಯಾವುದು ಅಂತ.

ಹಾಸನದ_ಹುಡುಗ

ಅಯ್ಯೋ, ಪ್ರೋಮೊ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ. ನಮ್ಮ ಸೆಟ್‌ಗೆ ಪ್ರೋಮೊ ಟೀಮ್ ಬಂದಾಗ ನಾವೆಲ್ಲ "ಇವರಿಗೇನು ಅರ್ಧ ದಿನ ಒಂದೇ ಶಾಟು" ಅಂತ ಗೊಣಗುತ್ತಿದ್ದೆವು. ಥ್ಯಾಂಕ್ಸ್ ಸರ್.

ದುಡ್ಡಿನ ವಿಷಯ ಕೇಳಲು ಮುಜುಗರ. ಆದರೂ ಕೇಳುತ್ತೇನೆ. ಪ್ರಾಜೆಕ್ಟ್ ಲೆಕ್ಕ ಅಂದ್ರೆ ದುಡ್ಡು ಸರಿಯಾಗಿ ಬರುತ್ತಾ?

ಬಿಲ್_ಬಾಕಿ

ಹೆಸರು ನೋಡಿಯೇ ಗೊತ್ತಾಗಿರಬೇಕು, ನಾನು ಲೈನ್ ಪ್ರೊಡ್ಯೂಸರ್, ಶೂಟಿಂಗ್ ಖರ್ಚು ವೆಚ್ಚ ನೋಡಿಕೊಳ್ಳುವವನು :)

ಬರುತ್ತದೆ, ಲೇಟಾಗಿ ಬರುತ್ತದೆ. ಸಾಮಾನ್ಯವಾಗಿ ಪ್ರೊಡಕ್ಷನ್ ಹೌಸ್‌ಗೆ ಅರ್ಧ ಅಡ್ವಾನ್ಸ್ ಸಿಗುತ್ತದೆ. ಅದು ಲೊಕೇಶನ್, ಕ್ಯಾಮೆರಾ ಬಾಡಿಗೆ, ಲೈಟ್, ಊಟಕ್ಕೆ ಖಾಲಿ. ಉಳಿದಿದ್ದು ಕ್ಲೈಂಟ್‌ನಿಂದ ಏಜೆನ್ಸಿಗೆ, ಏಜೆನ್ಸಿಯಿಂದ ಹೌಸ್‌ಗೆ, ಹೌಸ್‌ನಿಂದ ನಿಮಗೆ. ನೀವು ಸಾಲಿನ ಕೊನೆಯಲ್ಲಿ. ಲೈಟ್‌ಮ್ಯಾನ್‌ಗೆ ಅಂದೇ ಕೈಗೆ ಕೊಡಬೇಕು, ಇಲ್ಲದಿದ್ದರೆ ಲೈಟೇ ಹತ್ತಲ್ಲ. ಅಸಿಸ್ಟೆಂಟ್ ಡೈರೆಕ್ಟರ್‌ಗೆ ಮಾತ್ರ "ಮುಂದಿನ ವಾರ". ನನಗೇ ಒಂದು ಕಂಪನಿ ಉಗಾದಿಗೆ ಕೊಡಬೇಕಿದ್ದ ದುಡ್ಡನ್ನು ದೀಪಾವಳಿಗೆ ಕೊಟ್ಟಿದೆ. ಅದೂ ಅವರ ಆಫೀಸ್ ಸೋಫಾದಲ್ಲಿ ಕೂತು ಕೂತು ಅವರ ನಾಯಿಗೂ ನಾನು ಪರಿಚಯ ಆದ ಮೇಲೆ.

ಹಾಗಾಗಿ ಈ ಕೆಲಸ ಮಾಡಿ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ. ಆಧಾರ್, ಪ್ಯಾನ್ ಸಾಕು, ಸರ್ಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ. ದುಡ್ಡು ಕೇಳುವ ಏಜೆಂಟ್ ವೆಬ್‌ಸೈಟ್‌ಗಳಿಗೆ ಬೀಳಬೇಡಿ. ನೀವೊಬ್ಬರೇ ಸರ್ವೀಸ್ ಕೊಡುವವರಾದರೂ ಮೈಕ್ರೋ ಉದ್ಯಮ ಅಂತ ನೋಂದಣಿ ಆಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮೈಕ್ರೋ, ಸಣ್ಣ ಉದ್ಯಮಕ್ಕೆ ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ನ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಕೆಲಸ ಶುರುವಾಗುವ ಮುಂಚೆ ನೋಂದಣಿ ಆಗಿರಬೇಕು, ದುಡ್ಡು ಸಿಕ್ಕಿಹಾಕಿಕೊಂಡ ಮೇಲೆ ಓಡಿದರೆ ಪ್ರಯೋಜನ ಇಲ್ಲ.

ಮೊದಲ ಕೆಲಸಕ್ಕೇ ದೂರು ಕೊಟ್ಟರೆ ಎರಡನೇ ಕೆಲಸ ಸಿಗಲ್ಲ, ಅದೂ ಗೊತ್ತಿರಲಿ. ಆದರೆ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಇದ್ದರೆ ಅಕೌಂಟ್ಸ್‌ನವರು ಆ ಬಿಲ್ಲನ್ನು ಮೇಲೆ ಇಡುತ್ತಾರೆ. 2024ರ ಏಪ್ರಿಲ್‌ನಿಂದ, ಸಮಯಕ್ಕೆ ಕೊಡದ ಬಿಲ್ಲನ್ನು ಆ ವರ್ಷದ ಖರ್ಚಿನಲ್ಲಿ ತೋರಿಸಲು ಇನ್‌ಕಮ್ ಟ್ಯಾಕ್ಸ್‌ನವರು ಬಿಡುತ್ತಿಲ್ಲ. ಅವರಿಗೆ ಬಿಸಿ ಮುಟ್ಟುವುದು ಅಲ್ಲೇ.

ಟಿಡಿಎಸ್, ಅಂದ್ರೆ ಮುಂಗಡ ತೆರಿಗೆ ಕಡಿದುಕೊಂಡು ಕೊಡುತ್ತಾರೆ. ಹುಡುಗರು ಅದನ್ನು ಹೋದ ದುಡ್ಡು ಅಂದುಕೊಳ್ಳುತ್ತಾರೆ. ನೀವು ಕಟ್ಟಬೇಕಾದ ತೆರಿಗೆ ಅದಕ್ಕಿಂತ ಕಡಿಮೆ ಇದ್ದರೆ, ರಿಟರ್ನ್ ಹಾಕಿದಾಗ ಹೆಚ್ಚಿನದು ವಾಪಸ್ ಬರುತ್ತದೆ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ತಲೆನೋವು ಇಲ್ಲ.

ಕೊನೆಗೆ ವಾಟ್ಸಾಪ್‌ನಲ್ಲಾದರೂ ಸರಿ, ಎಷ್ಟು ದಿನ, ಎಷ್ಟು ದುಡ್ಡು, ರಾತ್ರಿ ಎಷ್ಟು ಗಂಟೆ ಮೇಲೆ ಎಕ್ಸ್‌ಟ್ರಾ ಶಿಫ್ಟ್ ಅಂತ ಬರೆಸಿಕೊಳ್ಳಿ. "ಆಯ್ತು ಗುರು, ನೋಡ್ಕೊಳೋಣ" ಅನ್ನುವುದು ಒಪ್ಪಂದ ಅಲ್ಲ.

ರಂಗದ_ಹುಡುಗಿ

ಹೆಣ್ಣುಮಕ್ಕಳೂ ಇದನ್ನು ಓದುತ್ತಿರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ನೀನಾಸಂನಲ್ಲಿ ಕಲಿತು ಸೀರಿಯಲ್‌ನಲ್ಲಿ ನಟಿಸಿ ಈಗ ಆ್ಯಡ್‌ಗಳಿಗೆ ಕಾಸ್ಟಿಂಗ್ ಮಾಡುತ್ತೇನೆ.

ಆಡಿಷನ್‌ಗೆ ದುಡ್ಡು ಕೇಳಿದರೆ ಎದ್ದು ಬನ್ನಿ. ಪೋರ್ಟ್‌ಫೋಲಿಯೋ ನಮ್ಮಲ್ಲೇ ಮಾಡಿಸಬೇಕು ಅಂದರೂ ಅಷ್ಟೇ. ಕೋಆರ್ಡಿನೇಟರ್ ಕಮಿಷನ್ ತಗೊಳ್ಳುವುದು ನಿಮಗೆ ಕೆಲಸ ಸಿಕ್ಕ ಮೇಲೆ, ನಿಮ್ಮ ಪೇಮೆಂಟ್‌ನಿಂದ. ಮುಂಚೆ ಅಲ್ಲ.

ರಾತ್ರಿ ಪ್ಯಾಕಪ್ ಆದರೆ ಡ್ರಾಪ್ ಕೇಳಿ. ಕೇಳಲು ಸಂಕೋಚ ಬೇಡ, ಶೂಟಿಂಗ್ ಸಮಯ, ಜಾಗ ತಿಳಿಸುವ ಕಾಲ್ ಶೀಟ್ ಬರುವ ದಿನವೇ ಕೇಳಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಯಾವ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಚಿಕ್ಕ ಹೌಸ್ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಫ್ರೀಲಾನ್ಸ್ ಅಂತ ಹಿಂದೆ ಸರಿಯಬೇಡಿ, ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಮೂರು ತಿಂಗಳೊಳಗೆ ಬರೆದು ಕೊಡಬೇಕು.

ಕಾಸ್ಟಿಂಗ್ ಕೂಡ ಕ್ರಿಯೇಟಿವ್ ಕೆಲಸವೇ, ಯಾರೂ ಇಲ್ಲಿ ಹೇಳಲಿಲ್ಲ. "ನಲವತ್ತು ದಾಟಿದ, ಮನೆಯಲ್ಲಿ ಜೋರು ಮಾಡುವ ಆದರೆ ಒಳಗೆ ಮೆದು ಗಂಡಸು" ಅಂತ ಏಜೆನ್ಸಿ ಬರೆದು ಕಳಿಸುತ್ತದೆ. ಧಾರವಾಡದ ಹವ್ಯಾಸಿ ತಂಡದಲ್ಲಿ ಅಂಥವರೊಬ್ಬರು ಇದ್ದಾರೆ ಅಂತ ನನಗೆ ಗೊತ್ತಿರುತ್ತದೆ. ನಾಟಕ ನೋಡುವ ಅಭ್ಯಾಸ ಇದ್ದವರಿಗೆ ಇದರಲ್ಲಿ ಜಾಗ ಇದೆ.

ಸುಮ್ನೆ_ಬಂದೆ

ಇಷ್ಟೆಲ್ಲ ಯಾಕೆ? ಇನ್ನೆರಡು ವರ್ಷದಲ್ಲಿ ಎಲ್ಲ ಆ್ಯಡ್ ಎಐನಲ್ಲೇ. ಟಿವಿ ಯಾರು ನೋಡುತ್ತಾರೆ ಈಗ? ಹುಡುಗನ ದಾರಿ ತಪ್ಪಿಸಬೇಡಿ.

ಕಾಪಿ_ಅಕ್ಕ

ಚಿಕ್ಕ ಆ್ಯಡ್‌ಗಳು ಆ ಕಡೆ ಹೋಗುತ್ತಿರುವುದು ನಿಜ, ಮುಚ್ಚಿಡಲ್ಲ. ನಮ್ಮಲ್ಲೂ ಸ್ಟೋರಿಬೋರ್ಡ್, ಸ್ಕ್ರ್ಯಾಚ್ ವಾಯ್ಸ್ (ತಾತ್ಕಾಲಿಕ ಧ್ವನಿ) ಎಲ್ಲ ಈಗ ಅದರಲ್ಲೇ. ಸ್ಟೋರಿಬೋರ್ಡ್ ಬರೆಯುತ್ತಿದ್ದ ಕಲಾವಿದರಿಗೆ ಪೆಟ್ಟು ಬಿದ್ದಿದೆ. ಆದರೆ ಹಬ್ಬದ ಹಿಂದಿನ ದಿನ ಮಂಡ್ಯದ ಒಂದು ಮನೆಯಲ್ಲಿ ಯಾರು ಯಾರ ಮೇಲೆ ರೇಗುತ್ತಾರೆ ಅಂತ ಮೆಷಿನ್‌ಗೆ ಹೇಳಿಕೊಡಲು ಒಬ್ಬರು ಬೇಕು. ಆ ಒಬ್ಬರು ನಾವಾಗಬೇಕು ಅಂತಷ್ಟೇ ನನ್ನ ಆಸೆ.

ಹಾಸನದವರೇ, ಮಾತು ಸಾಕು, ಒಂದು ಕೆಲಸ ಮಾಡಿ. ಒಂದು ಸ್ಪೆಕ್ ಆ್ಯಡ್ ಬರೆಯಿರಿ. ಯಾರೂ ಕೇಳದೆ, ನಿಮ್ಮ ರೀಲ್‌ಗೋಸ್ಕರ ಮಾಡುವ ಆ್ಯಡ್. ದೊಡ್ಡ ಬ್ರ್ಯಾಂಡ್ ಬೇಡ, ನಿಮ್ಮೂರಿನ ಯಾವುದಾದರೂ ಅಂಗಡಿ. 30 ಸೆಕೆಂಡ್. ಇಲ್ಲೇ ಹಾಕಿ, ನೋಡೋಣ.

ಹಾಸನದ_ಹುಡುಗ

ಬರೆದೆ ಅಕ್ಕ. ನಮ್ಮೂರಲ್ಲಿ ಒಂದು ಕಾಫಿಪುಡಿ ಅಂಗಡಿ ಇದೆ. ಅದಕ್ಕೆ.

ಮಗ ಬೆಂಗಳೂರಿಗೆ ಹೊರಡುತ್ತಿದ್ದಾನೆ. ಅಮ್ಮ ಬ್ಯಾಗಿಗೆ ಕಾಫಿಪುಡಿ ಪ್ಯಾಕೆಟ್ ತುರುಕುತ್ತಾಳೆ. ಮಗ ಬೇಡ ಅನ್ನುತ್ತಾನೆ. ಬಸ್ ಹೊರಡುತ್ತದೆ. ಬೆಂಗಳೂರಿನ ರೂಮಿನಲ್ಲಿ ಒಂಟಿಯಾಗಿ ಕಾಫಿ ಮಾಡಿಕೊಂಡು ಕುಡಿಯುತ್ತಾನೆ, ಕಣ್ಣಲ್ಲಿ ನೀರು. ಅಮ್ಮನಿಗೆ ಫೋನ್ ಮಾಡುತ್ತಾನೆ. ಅಂಗಡಿ ಹೆಸರು.

ಕಾಪಿ_ಅಕ್ಕ

ಪುಟ್ಟಾ, ಇದನ್ನು ನೂರು ಸಲ ನೋಡಿದ್ದೇವೆ. ಪುಡಿ ಬದಲು ಉಪ್ಪಿನಕಾಯಿ ಇಟ್ಟರೂ ನಡೆಯುತ್ತದೆ, ತುಪ್ಪ ಇಟ್ಟರೂ ನಡೆಯುತ್ತದೆ. ಮೊಬೈಲ್ ಇಟ್ಟರೂ! ಆ ಅಂಗಡಿಯಲ್ಲಿ ಮಾತ್ರ ನಡೆಯುವಂಥದ್ದು ಏನಿದೆ? ಹೋಗಿ ನಿಂತು ನೋಡಿ.

ಹಾಸನದ_ಹುಡುಗ

ನಿಂತು ನೋಡಿದ್ದು ನೆನಪಿದೆ. ಅಂಗಡಿಯವರು ಯಾರಿಗೂ ಹೆಸರು ಹಿಡಿದು ಕರೆಯಲ್ಲ. ಗಿರಾಕಿಯನ್ನು ಗುರುತಿಸುವುದೇ ಕಾಫಿ ಎಷ್ಟು, ಚಿಕೋರಿ ಎಷ್ಟು ಅನ್ನುವ ಲೆಕ್ಕದಲ್ಲಿ. "ಎಂಬತ್ತು ಇಪ್ಪತ್ತು ಬಂದ್ರು, ಅರ್ಧ ಕೆಜಿ ಹಾಕು" ಅಂತ ಒಳಗೆ ಕೂಗುತ್ತಾರೆ. ನಮ್ಮ ಮನೆ "ಎಪ್ಪತ್ತು ಮೂವತ್ತು". ನಮ್ಮ ಅಕ್ಕ ಮದುವೆಯಾಗಿ ಅದೇ ಊರಿನಲ್ಲಿ ಇದ್ದಾಳೆ. ಅವಳ ಅತ್ತೆಮನೆ "ಅರವತ್ತು ನಲವತ್ತು". ಅವಳು ಹೋದರೆ ಅವರು ಕೇಳುವುದು ಹೀಗೆ: "ಇವತ್ತು ಯಾವ ಮನೆಗಮ್ಮ?"

ಕಾಪಿ_ಅಕ್ಕ

ಇದು! ಇದು ಆ್ಯಡ್! ಮೊದಲೇ ಯಾಕೆ ಬರೆಯಲಿಲ್ಲ?

ಎಡಿಟ್_ಟೇಬಲ್

ಒಪ್ಪಿದೆ. ಈಗ 30 ಸೆಕೆಂಡಿಗೆ ಕೂರಿಸೋಣ. ಕೊನೆಯ ನಾಲ್ಕು ಸೆಕೆಂಡ್ ಅಂಗಡಿ ಹೆಸರಿಗೆ ಹೋಯಿತು. ಉಳಿದಿದ್ದು 26.

ಶುರು ಮುಖದಿಂದ ಬೇಡ, ಮೆಷಿನ್‌ನಿಂದ ಮಾಡಿ. ಬೀಜ ಬೀಳುವುದು, ಪುಡಿ ಬರುವುದು, ಅದರ ಜೊತೆ ಆ ಕೂಗು: "ಎಂಬತ್ತು ಇಪ್ಪತ್ತು ಬಂದ್ರು!" ಒಬ್ಬ ಮುದುಕ ತಲೆ ಆಡಿಸುತ್ತಾನೆ. ಇನ್ನೊಂದು ಕೂಗು, ಇನ್ನೊಂದು ಮುಖ. ಎಂಟು ಸೆಕೆಂಡಿನಲ್ಲಿ ನೋಡುವವರಿಗೆ ಆಟ ಅರ್ಥ ಆಗಬೇಕು. ಆಮೇಲೆ ಅಕ್ಕ ಬರುತ್ತಾಳೆ. "ಯಾವ ಮನೆಗಮ್ಮ?" ಅವಳು ಏನು ಹೇಳುತ್ತಾಳೆ? ಅದೇ ನಿಮ್ಮ ಸಿನಿಮಾ. ಡೈಲಾಗ್ ಕಡಿಮೆ ಇರಲಿ. ಕನ್ನಡದ ಪದಗಳು ಉದ್ದ, ಓದಿದಾಗ ಹಿಡಿಸಿದ್ದು ಬಾಯಲ್ಲಿ ಹಿಡಿಸಲ್ಲ. ಜೋರಾಗಿ ಹೇಳಿ, ಮೊಬೈಲ್‌ನಲ್ಲಿ ಟೈಮ್ ನೋಡಿ.

ಸಂಭಾಷಣೆಕಾರ

ಅಕ್ಕ ಒಂದು ಕ್ಷಣ ಸುಮ್ಮನಿದ್ದು "ಅರವತ್ತೈದು ಮೂವತ್ತೈದು" ಅಂದರೆ? ಅವಳ ಹೊಸ ಮನೆ ಶುರುವಾಗಿದೆ ಅಂತ ಗೊತ್ತಾಗುತ್ತದೆ. ಅಂಗಡಿಯವರು ತಲೆ ಎತ್ತಿ ನೋಡಿ, ಒಳಗೆ ತಿರುಗಿ ಹೊಸ ಲೆಕ್ಕ ಕೂಗಬೇಕು. ಅಷ್ಟೇ. ಅಳುವುದು, ತಬ್ಬಿಕೊಳ್ಳುವುದು ಏನೂ ಬೇಡ. (ಸೀರಿಯಲ್‌ನವನು ಹೇಳುತ್ತಿದ್ದೇನೆ ಅಂತ ನಗಬೇಡಿ.)

ಬಿಲ್_ಬಾಕಿ

ಲೆಕ್ಕ ಅರವತ್ತು ನಲವತ್ತಕ್ಕೇ ನಿಲ್ಲಿಸಿ, ಕೆಳಗೆ ಇಳಿಯಬೇಡಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಶೇಕಡಕ್ಕಿಂತ ಕಡಿಮೆ ಇರಬಾರದು ಅಂತ ಆಹಾರ ನಿಯಮ. ಮತ್ತೆ "ಊರಿಗೇ ನಂಬರ್ ಒನ್", "ಆರೋಗ್ಯಕ್ಕೆ ಒಳ್ಳೆಯದು" ಅಂತೆಲ್ಲ ಬರೆಯಬೇಡಿ. ಹಾದಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕಬಹುದು. ಸಿನಿಮಾ ಹಾಡು ಹಿಂದೆ ಹಾಕುವುದೂ ಬೇಡ, ಯೂಟ್ಯೂಬ್ ತೆಗೆದು ಹಾಕಬಹುದು. ಅಂಗಡಿಯವರಿಂದ ಒಂದು ಒಪ್ಪಿಗೆ ಪತ್ರ, ಅಕ್ಕನಿಂದಲೂ ಒಂದು.

ಹಾಸನದ_ಹುಡುಗ

ಅಂಗಡಿಯವರಿಗೆ ಫೋನ್ ಮಾಡಿದೆ. "ನಮ್ಮ ಅಂಗಡಿಗೆ ಆ್ಯಡ್ ಯಾಕಪ್ಪ, ಇರೋ ಗಿರಾಕಿಗೇ ಕೊಡೋಕಾಗ್ತಿಲ್ಲ" ಅಂದರು. ಆಮೇಲೆ ಒಪ್ಪಿದರು. ಭಾನುವಾರ ಬೆಳಗ್ಗೆ ಎರಡು ಗಂಟೆ ಕೊಡುತ್ತಾರಂತೆ. ಆದರೆ ಮೆಷಿನ್ ನಿಲ್ಲಿಸಲ್ಲ, ಗಿರಾಕಿಗಳನ್ನೂ ತಡೆಯಲ್ಲ. ಅಕ್ಕ ಹೊಸ ಸೀರೆ ಉಡುತ್ತೇನೆ ಅಂತಿದ್ದಾಳೆ.

ಇಂದಿರಾನಗರದವರಿಗೆ ಒಂದು ತಿಂಗಳು ಟೈಮ್ ಕೇಳಿದ್ದೇನೆ. ನಮ್ಮ ಚಾನೆಲ್‌ನ ಪ್ರೋಮೊ ಹೆಡ್ ಮೇಡಂಗೂ ಮೆಸೇಜ್ ಹಾಕಿದ್ದೇನೆ. ನೋಡಿದ್ದಾರೆ, ಉತ್ತರ ಇನ್ನೂ ಇಲ್ಲ.

ರಂಗದ_ಹುಡುಗಿ

ಹೊಸ ಸೀರೆ ಬೇಡವೇ ಬೇಡ! ಅಂಗಡಿಗೆ ದಿನಾ ಹೋಗುವ ಬಟ್ಟೆಯಲ್ಲೇ ಬರಲಿ. "ಅರವತ್ತೈದು" ಅನ್ನುವುದನ್ನು ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಬೇಡಿ, ಅಲ್ಲೇ ಹೇಳಿಸಿ. ಅಂಗಡಿಯವರು ನಿಜವಾಗಿ ತಲೆ ಎತ್ತಿ ನೋಡುವ ಹಾಗೆ, ಅವರಿಗೆ ಆ ಉತ್ತರ ಮುಂಚೆ ಹೇಳಬೇಡಿ. ಮೊದಲ ಟೇಕ್ ರೋಲ್ ಆಗುತ್ತಿರಲಿ.

ಹಳೇ_ಕ್ಯಾಮೆರಾ

ಅಂಗಡಿಯಲ್ಲಿ ಟ್ಯೂಬ್‌ಲೈಟ್ ಇದೆಯಾ ನೋಡು. ಇದ್ದರೆ ಶಟರ್ 1/50 ಅಥವಾ 1/100ರಲ್ಲಿ ಇಡು, ಇಲ್ಲದಿದ್ದರೆ ಚಿತ್ರ ಮಿಣುಕುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್. ಸಾಧ್ಯವಾದರೆ ಟ್ಯೂಬ್ ಆರಿಸಿ ಬಾಗಿಲಿನ ಬೆಳಕಿನಲ್ಲೇ ತೆಗಿ, ಕಾಫಿಪುಡಿಯ ಬಣ್ಣ ಆಗ ಚೆನ್ನಾಗಿ ಬರುತ್ತದೆ. ಬಾಗಿಲು ಯಾವ ದಿಕ್ಕು?

ಹಾಸನದ_ಹುಡುಗ

ಪೂರ್ವ ಅಣ್ಣ.

ಹಳೇ_ಕ್ಯಾಮೆರಾ

ಹಾಗಾದರೆ ಎಂಟೂವರೆ ಒಳಗೆ ಅಕ್ಕನ ಶಾಟ್ ಮುಗಿಸು. ಮೆಷಿನ್ ಕ್ಲೋಸಪ್‌ಗಳನ್ನು ಆಮೇಲೆ ತಗೋ, ಅದಕ್ಕೆ ಬಿಸಿಲು ಬೇಕಿಲ್ಲ.

ಎಡಿಟ್_ಟೇಬಲ್

ಮೆಷಿನ್ ಸದ್ದಿನಲ್ಲಿ ಡೈಲಾಗ್ ಕೇಳಿಸಲ್ಲ. ಅಕ್ಕನ ಕೊರಳ ಹತ್ತಿರ ಒಂದು ಲೇಪಲ್ ಮೈಕ್, ಅಂಗಡಿಯವರಿಗೆ ಇನ್ನೊಂದು. ಶಾಟ್ ಮುಗಿದ ತಕ್ಷಣ ಇಬ್ಬರನ್ನೂ ಹೊರಗೆ ನಿಲ್ಲಿಸಿ ಅದೇ ಮಾತು ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಮೆಷಿನ್ ಸದ್ದು ಮಾತ್ರ ಬೇರೆಯಾಗಿ ಎರಡು ನಿಮಿಷ ತಗೊಳ್ಳಿ. ಫುಟೇಜ್ ಕಳಿಸಿ, ಮೊದಲ ಕಟ್ ನಾನು ನೋಡುತ್ತೇನೆ. ದುಡ್ಡು ಬೇಡ, ಕಾಲು ಕೆಜಿ ಎಪ್ಪತ್ತು ಮೂವತ್ತು ತನ್ನಿ.